ಕಾಫಿ ತೋಟಕ್ಕೆ ದುಡ್ಡು ಹಾಕೋ ಮುಂಚೆ

ಚಿಕ್ಕಮಗಳೂರಲ್ಲಿ ತೋಟ ತಗೋಬಹುದಾ ಅಂತ ಗಂಗಾವತಿ ಕಡೆಯ ಹುಡುಗರು ನನ್ನನ್ನ ಕೇಳ್ತಿರ್ತಾರೆ. ಬಾಬಾಬುಡನ್‌ಗಿರಿಯ ಬಂಡೆಗಳಲ್ಲಿ 250 ಕೋಟಿ ವರ್ಷಕ್ಕೂ ಹಳೆಯ ಲಾವಾ ಇರೋದು ನಿಜ. ಆದ್ರೆ ಫಸಲು ನಿಂತಿರೋದು ಹೂಮಳೆ ಮೇಲೆ. ಡಿಸೆಂಬರ್‌ನಲ್ಲಿ ಕೆಂಪು ಹಣ್ಣು ನೋಡಿ ಅಡ್ವಾನ್ಸ್ ಕೊಡಬೇಡ್ರಿ, ಮಾರ್ಚ್‌-ಏಪ್ರಿಲ್‌ನಲ್ಲೂ ಹೋಗ್ರಿ. ಆಗ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್‌ಗೆ ಕೆರೆ ನೀರು ಸಾಲುತ್ತಾ?

ಅರೇಬಿಕಾ ಗಿಡದ ಕಾಂಡ ತಡವಿ ನೋಡ್ರಿ. ಉಬ್ಬಿದ ಗೆರೆ ಸಿಕ್ಕರೆ ಬಿಳಿ ಕಾಂಡಕೊರಕ ಒಳಗಿದೆ ಅಂತ ತಿಳೀರಿ. ಅಂಥ ಗಿಡ ಕಿತ್ತು ಸುಡಬೇಕು. ಹೊಸ ಸಸಿ ಫಲ ಕೊಡೋಕೆ ಮೂರ್ನಾಲ್ಕು ವರ್ಷ. ಅನುಮಾನ ಇದ್ರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸ್ರಿ.

ಪಹಣಿ, ಇಸಿ ಜತೆ ಸರ್ವೆ ನಕ್ಷೆ ಹಿಡ್ಕೊಂಡು ಗಡಿ ಪೂರ್ತಿ ನಡೀರಿ. ಪಟ್ಟಾ ಜಮೀನಿಗೆ ಅರಣ್ಯ ಒತ್ತುವರಿ ಸೇರಿಸಿ ತೋರಿಸೋದುಂಟು. ತುಂಗಭದ್ರಾ ಕಾಲುವೆ ನೀರಿನ ಗದ್ದೆ ಮಾರಿ ಕೊಳ್ಳೋದಕ್ಕಂತೂ ನನ್ನ ಒಪ್ಪಿಗೆಯಿಲ್ಲ.