ಮಾತಾಡದ ಶ್ರೀಸಾಮಾನ್ಯ: ಒಂದು ಅಭ್ಯಾಸ ಪಾಠದ ಅನುಭವ

ಟಿ.ಬಿ. ಡ್ಯಾಂನ ಪ್ರೌಢಶಾಲೆಯೊಂದರ ಒಂಬತ್ತನೇ ತರಗತಿಗೆ ಆರ್.ಕೆ. ಲಕ್ಷ್ಮಣರ ಹಳೆಯ ವ್ಯಂಗ್ಯಚಿತ್ರಗಳನ್ನು ಪಾಠೋಪಕರಣವಾಗಿ ಒಯ್ದಿದ್ದೆ. 1921ರಲ್ಲಿ ಮೈಸೂರಿನಲ್ಲಿ ಜನನ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಪ್ರವೇಶ ಸಿಗಲಿಲ್ಲ, ಮಹಾರಾಜ ಕಾಲೇಜಿನಲ್ಲಿ ಓದು, ರಾ.ಶಿ.ಯವರ ‘ಕೊರವಂಜಿ’ಗೆ ಚಿತ್ರಗಳು, 1951ರಿಂದ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ‘ಯು ಸೆಡ್ ಇಟ್’. ಇಷ್ಟು ಪೀಠಿಕೆ ಹಾಕಿದೆ.

ಮೊದಲ ಪಾಠ ಸೋತಿತು. ಚಿತ್ರ ತೋರಿಸಿದೊಡನೆ ಅದರ ಅರ್ಥವನ್ನು ನಾನೇ ಹೇಳಿಬಿಟ್ಟೆ. ಮಕ್ಕಳು ಬರೆದುಕೊಂಡರು, ಯಾರೂ ನಗಲಿಲ್ಲ.

ಮರುದಿನ ಇಂಗ್ಲಿಷ್ ಅಡಿಬರಹವನ್ನು ಮುಚ್ಚಿ ಮೂರೇ ಪ್ರಶ್ನೆ ಕೇಳಿದೆ: ಯಾರು ಮಾತಾಡುತ್ತಿದ್ದಾರೆ? ಯಾರು ಸುಮ್ಮನಿದ್ದಾರೆ? ಏಕೆ? ಚೌಕುಳಿ ಕೋಟು, ಧೋತಿಯ ಶ್ರೀಸಾಮಾನ್ಯ ಯಾವ ಚಿತ್ರದಲ್ಲೂ ಬಾಯಿ ಬಿಡುವುದಿಲ್ಲವೆಂದು ಅವರೇ ಕಂಡುಕೊಂಡರು. ಅದುವರೆಗೆ ಒಮ್ಮೆಯೂ ಉತ್ತರಿಸದಿದ್ದ ಹುಡುಗಿಯೊಬ್ಬಳು ಎದ್ದಳು: “ನಮ್ಮಜ್ಜನೂ ಹಿಂಗೇ ಸರ್. ನಾರಾಯಣದೇವರಕೆರೆ ಡ್ಯಾಂನ್ಯಾಗ ಮುಳುಗಿದಾಗ ಸಣ್ಣಾವ ಇದ್ದ. ಏನೂ ಹೇಳಂಗಿಲ್ಲ, ನೀರು ನೋಡ್ತಾ ಕುಂದರ್ತಾನ.”

ತರಗತಿ ಸ್ತಬ್ಧವಾಯಿತು. ವಿವರಿಸಲು ಬಾಯಿ ತೆರೆದವನು ಸುಮ್ಮನಾದೆ. ಸ್ವಲ್ಪ ಹೊತ್ತಿನಲ್ಲಿ ಇನ್ನಿಬ್ಬರು ಕೈ ಎತ್ತಿದರು.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಅಡಿಬರಹವನ್ನು ಕೊನೆಗೆ ತೆರೆಯಿರಿ. ಪಾಠಯೋಜನೆಯ ‘ಶಿಕ್ಷಕರ ಚಟುವಟಿಕೆ’ ಅಂಕಣದಲ್ಲಿ ಈಗ ನಾನು ‘ಕಾಯುವುದು’ ಎಂದೂ ಬರೆಯುತ್ತೇನೆ.