ಕರು ಹಾಕಿದ ಹಸುವಿಗೆ ಸುಣ್ಣದಂಶ ಕಡಿಮೆಯಾದರೆ ಕೆಚ್ಚಲು ಬಾವು ಏಕೆ?

ಕೊಟ್ಟಿಗೆ ತೊಳೆದಿದ್ದೀರಿ, ಕೆಚ್ಚಲು ಒರೆಸಿಯೇ ಹಾಲು ಕರೆದಿದ್ದೀರಿ. ಆದರೂ ಕರು ಹಾಕಿದ ನಾಲ್ಕೈದು ದಿನಕ್ಕೆ ಕೆಚ್ಚಲು ಬಾವು! ದೃಷ್ಟಿ ತಗುಲಿತು ಎನ್ನುವವರೂ ಉಂಟು. ಕಾರಣಗಳು ಹಲವು. ಹೆಚ್ಚಿನವರ ಗಮನಕ್ಕೆ ಬಾರದ ಒಂದು ಕಾರಣವೆಂದರೆ ರಕ್ತದಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದಂಶ, ಇಳಿದಿರುವುದು.

ಕೆಚ್ಚಲಿಗೆ ಹೊಕ್ಕ ರೋಗಾಣುವನ್ನು ಹಿಡಿದು ನುಂಗುವುದು ಬಿಳಿ ರಕ್ತಕಣಗಳ ಕೆಲಸ. ಆದರೆ ಅವು ರಕ್ತದ ಜೊತೆ ಹರಿದು ಹೋಗುತ್ತಿರುತ್ತವೆ. ಮೊದಲು ಅಲ್ಲಿ ನಿಲ್ಲಬೇಕಲ್ಲ? ಸೋಂಕು ತಗುಲಿದ ಕಡೆ ರಕ್ತನಾಳದ ಒಳಗೋಡೆ ಅಂಟಂಟಾಗುತ್ತದೆ. ಬಿಳಿ ಕಣ ಅಲ್ಲಿ ಉರುಳುತ್ತಾ ನಿಧಾನವಾಗಿ, ಗೋಡೆಗೆ ಗಟ್ಟಿಯಾಗಿ ಕಚ್ಚಿಕೊಂಡು, ಸಂದಿಯಲ್ಲಿ ನುಸುಳಿ ರೋಗಾಣುವಿನತ್ತ ತೆವಳುತ್ತದೆ. 'ಅಂಟಿಕೋ', 'ಹೊರಡು' ಎಂಬ ಸೂಚನೆಯನ್ನು ಕಣದೊಳಗೆ ಮುಟ್ಟಿಸುವುದರಲ್ಲಿ ಕ್ಯಾಲ್ಸಿಯಂನದು ಮುಖ್ಯ ಪಾತ್ರ. ಕಣ ತನ್ನೊಳಗೆ ಕೂಡಿಟ್ಟ ಕ್ಯಾಲ್ಸಿಯಂ ಅನ್ನು ಥಟ್ಟನೆ ಬಿಡುತ್ತದೆ, ಹೊರಗಿನಿಂದಲೂ ಎಳೆದುಕೊಳ್ಳುತ್ತದೆ. ಕೂಡಿಟ್ಟದ್ದೇ ಕಡಿಮೆಯಿದ್ದರೆ ಸೂಚನೆ ಮಂಕಾಗುತ್ತದೆ. ಕರು ಹಾಕುವ ಹೊತ್ತಿನಲ್ಲಿ ಹಸುವಿನ ರಕ್ಷಕ ಕಣಗಳಿಗೆ ಹೀಗಾಗುವುದನ್ನು ಅಮೆರಿಕದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ್ದಾರೆ.

ಲೆಕ್ಕ ನೋಡಿ. ಹಸುವಿನ ರಕ್ತದಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 3 ಗ್ರಾಂ ಕ್ಯಾಲ್ಸಿಯಂ. 10 ಲೀಟರ್ ಗಿಣ್ಣು ಹಾಲಿನಲ್ಲಿ ಹೊರಹೋಗುವುದು ಸುಮಾರು 20 ಗ್ರಾಂ! ಉಳಿದದ್ದನ್ನು ಮೂಳೆ ಮತ್ತು ಮೇವಿನಿಂದ ತುಂಬಿಕೊಳ್ಳಬೇಕು. ವಯಸ್ಸಾದ, ಹೆಚ್ಚು ಹಾಲಿನ ಹಸುವಿಗೆ ಇದು ತಡವಾಗುತ್ತದೆ. ಹಸು ನೆಲ ಹಿಡಿದರೆ ಹಾಲು ಜ್ವರವೆಂದು ಎಲ್ಲರಿಗೂ ತಿಳಿಯುತ್ತದೆ. ಬೀಳದೆ, ಮೇವು ಸ್ವಲ್ಪ ಬಿಟ್ಟು ಸಪ್ಪಗೆ ನಿಂತಿರುವ ಹಸುವಿನಲ್ಲೂ ಕೊರತೆ ಇರಬಹುದು. ಕಸ ಬೀಳದಿರುವುದಕ್ಕೂ ಇದೇ ನಂಟು.

ಹಾಗೆಂದು ತುಂಬು ಗಬ್ಬದ ಹಸುವಿಗೆ ಕ್ಯಾಲ್ಸಿಯಂ ಸುರಿಯಬೇಡಿ. ಕೊನೆಯ ಮೂರು ವಾರ ಅತಿಯಾಗಿ ಕೊಟ್ಟರೆ ಮೂಳೆಯಿಂದ ತೆಗೆಯುವ ಅಭ್ಯಾಸವೇ ತಪ್ಪುತ್ತದೆ. ಆಗ ಯಾವ ಖನಿಜ ಮಿಶ್ರಣ, ಎಷ್ಟು ಎಂಬುದನ್ನು ಪಶುವೈದ್ಯರಲ್ಲಿ ಕೇಳಿ. ಕರು ಹಾಕಿದ ಕೂಡಲೇ, ಹಿಂದೆ ಹಾಲು ಜ್ವರ ಬಂದ ಹಸುವಿಗೆ ಬಾಯಿಯ ಮೂಲಕ ಕ್ಯಾಲ್ಸಿಯಂ ಜೆಲ್ ಕೊಡಬಹುದು. ಆದರೆ ಹಸು ನುಂಗುವ ಸ್ಥಿತಿಯಲ್ಲಿರಬೇಕು. ನರಕ್ಕೆ ಹಾಕುವ ಬಾಟಲಿಯನ್ನು ವೈದ್ಯರೇ ಹಾಕಲಿ, ವೇಗ ಹೆಚ್ಚಾದರೆ ಹೃದಯ ನಿಂತೀತು.

ಇನ್ನೊಂದು ಮಾತು. ಮೊಲೆತೊಟ್ಟಿನ ತುದಿ ಬಿಗಿಯಾಗಿ ಮುಚ್ಚಲೂ ಕ್ಯಾಲ್ಸಿಯಂ ಬೇಕು. ಹಾಲು ಕರೆದ ಮೇಲೆ ಅರ್ಧ ಗಂಟೆಯಾದರೂ ಹಸು ಮಲಗದಂತೆ, ಗೋದಲಿಗೆ ಹಸಿಮೇವು ಹಾಕಿ.