ಪಿಕಪ್ ಬಿಚ್ಚುವ ಮೊದಲು

ತಮ್ಮಾ, ಹಳೆಯ ಪೆಡಲ್ ಸ್ಟೀಲ್ ಗಿಟಾರ್ ಮನೆಗೆ ತಂದವರಿಗೆಲ್ಲ ಸ್ವಲ್ಪ ದಿನದಲ್ಲೇ ಪಿಕಪ್ ಬದಲಿಸುವ ಆಸೆ ಹುಟ್ಟುತ್ತದೆ. ನಿನಗೂ ಹುಟ್ಟಿದೆ. ಬೇಡ ಎನ್ನುವುದಿಲ್ಲ. ಆದರೆ ಅದು ಎಲ್ಲಕ್ಕಿಂತ ಕೊನೆಗೆ ಕೈ ಹಾಕಬೇಕಾದ ಭಾಗ.

ಮೊದಲು ಹೊಸ ತಂತಿ ಹಾಕು. ಪಿಕಪ್ ತೆಗೆಯಲು ತಂತಿ ಸಡಿಲಿಸಬೇಕು. ಹೇಗೂ ಸಡಿಲಿಸಿದ್ದಾಯಿತಲ್ಲ ಎಂದು ಹೆಚ್ಚಿನವರು ಹೊಸ ತಂತಿಯನ್ನೇ ಏರಿಸುತ್ತಾರೆ. ಆಮೇಲೆ ಕೇಳುವ ಹೊಳಪಿನಲ್ಲಿ ತಂತಿಯ ಪಾಲೆಷ್ಟು, ಪಿಕಪ್ಪಿನ ಪಾಲೆಷ್ಟು ಎಂದು ಯಾರು ಹೇಳಬೇಕು? ಹೊಗಳಿಕೆಯೆಲ್ಲ ಪಿಕಪ್ಪಿಗೆ ಸಲ್ಲುತ್ತದೆ. ನೀನು ಹಳೆಯ ಪಿಕಪ್ಪಿನ ಮೇಲೆಯೇ ಹೊಸ ತಂತಿ ಕಟ್ಟಿ ಒಂದು ವಾರ ನುಡಿಸು. ಬಲಗೈಯನ್ನು ಒಮ್ಮೆ ಪಿಕಪ್ಪಿನ ಹತ್ತಿರ, ಒಮ್ಮೆ ಅದರಿಂದ ದೂರ ಇಟ್ಟು ಮೀಟು. ಲಾಯ್ಡ್ ಗ್ರೀನ್ 1968ರಲ್ಲಿ ಬರ್ಡ್ಸ್ ತಂಡದ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೋ’ ಆಲ್ಬಮ್ಮಿಗೆ ನುಡಿಸಿದ್ದನ್ನು ಕೇಳಿ ಯಾವ ಪಿಕಪ್ ಎಂದು ವಿಚಾರಿಸುವವರಿದ್ದಾರೆ. ಆ ಕೈಯನ್ನು ವಿಚಾರಿಸುವವರು ಕಡಿಮೆ.

ಆಮೇಲೆ ಕಾಲಡಿಯ ವಾಲ್ಯೂಮ್ ಪೆಡಲ್ ನೋಡು. ಸ್ಟೀಲ್ ನುಡಿಸುವವರು ಅದನ್ನು ಪೂರ್ತಿ ತೆರೆದಿಡುವುದು ಅಪರೂಪ. ಸ್ವರ ಕುಂದುತ್ತಾ ಬಂದಂತೆ ಪಾದದಿಂದ ಅದನ್ನು ಎತ್ತಿ ಹಿಡಿಯುವುದೇ ಈ ವಾದ್ಯದ ಸೊಗಸು. ಇಂಥ ಪೆಡಲ್ಲುಗಳಲ್ಲಿ ಸಾಮಾನ್ಯವಾಗಿ 500 ಕಿಲೋ ಓಮಿನ ಪಾಟ್ ಇರುತ್ತದೆ. ಪೆಡಲ್ ಅರ್ಧಕ್ಕಿಳಿದಾಗ ಆ ಪಾಟ್ ಮತ್ತು ಮುಂದಿನ ಉದ್ದನೆಯ ಕೇಬಲ್ ಸೇರಿ ದನಿಯ ಮೇಲ್ಭಾಗವನ್ನು ನುಂಗಿಬಿಡುತ್ತವೆ. ದನಿ ಮಂಕು ಎಂಬ ದೂರಿನ ಮೂಲ ಎಷ್ಟೋ ಸಲ ಇಲ್ಲೇ ಇರುತ್ತದೆ. ಗಿಡ್ಡ ಕೇಬಲ್ ಹಾಕು, ಪೆಡಲ್ಲಿಗಿಂತ ಮೊದಲು ಒಂದು ಬಫರ್ ಸೇರಿಸಿ ಕೇಳು.

ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಕೊಳ್ಳು. ಆದರೆ ಅಂಗಡಿಯವರು ಹೇಳುವ ಸಂಖ್ಯೆಗೆ ಮರುಳಾಗಬೇಡ. ಇದು 17, ಅದು 20 ಕಿಲೋ ಓಮ್ ಎನ್ನುತ್ತಾರೆ. ಆ ಸಂಖ್ಯೆ ಅಳೆಯುವುದು ತಾಮ್ರದ ತಂತಿಯ ರೋಧವನ್ನು, ದನಿಯನ್ನಲ್ಲ. 42ನೇ ಗೇಜಿನ ಬದಲು ಅದಕ್ಕಿಂತ ತೆಳುವಾದ 44ನೇ ಗೇಜಿನ ತಂತಿ ಸುತ್ತಿದರೆ, ಸುತ್ತುಗಳು ಅಷ್ಟೇ ಇದ್ದರೂ ರೋಧ ಏರುತ್ತದೆ. ಅಷ್ಟೇ ಏಕೆ, ಕೋಣೆ 10 ಡಿಗ್ರಿ ಬಿಸಿಯಾದರೆ 18 ಕಿಲೋ ಓಮಿನ ಪಿಕಪ್ ಸುಮಾರು 700 ಓಮ್ ಹೆಚ್ಚು ತೋರಿಸುತ್ತದೆ. ಒಬ್ಬರೇ ತಯಾರಕರು ಒಂದೇ ಬಗೆಯ ತಂತಿ, ಒಂದೇ ಅಯಸ್ಕಾಂತ ಬಳಸಿ ಮಾಡಿದ ಎರಡು ಪಿಕಪ್ಪುಗಳನ್ನು ಹೋಲಿಸುವಾಗ ಮಾತ್ರ ಅದು ನಿನಗೆ ಉಪಯೋಗಕ್ಕೆ ಬರುತ್ತದೆ. ಆಗ ಹೆಚ್ಚು ಓಮ್ ಎಂದರೆ ಹೆಚ್ಚು ಸುತ್ತು: ದನಿ ಜೋರು, ನಡುಭಾಗ ತುಂಬು, ಮೇಲಿನ ಮಿಂಚು ಕಡಿಮೆ.

ಸಿಂಗಲ್ ಕಾಯಿಲೋ ಹಂಬಕರೋ ಎಂಬುದನ್ನು ನುಡಿಸುವ ಜಾಗ ನೋಡಿ ತೀರ್ಮಾನಿಸು. ಟೆಕ್ಸಸ್ಸಿನ ಡ್ಯಾನ್ಸ್ ಹಾಲಿನಲ್ಲಿ ನಿಯಾನ್ ದೀಪದ ಪಕ್ಕ ಕೂತರೆ ಸಿಂಗಲ್ ಕಾಯಿಲ್ ಗುಂಯ್ ಎನ್ನುತ್ತದೆ. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮ ಬೆಂಗಳೂರಿನದು 50. ಗುಂಯ್‌ಗುಡುವುದು ಎರಡೂ ಕಡೆ ತಪ್ಪದು. ಹಂಬಕರಿನ ಎರಡು ಸುರುಳಿಗಳು ಆ ಸದ್ದನ್ನು ಒಂದಕ್ಕೊಂದು ಅಳಿಸಿಹಾಕುತ್ತವೆ. ಮನೆಯಲ್ಲೋ ಸ್ಟುಡಿಯೋದಲ್ಲೋ ನುಡಿಸುವವನಾದರೆ ನನ್ನ ಮತ ಸಿಂಗಲ್ ಕಾಯಿಲಿಗೇ. ಎಮನ್ಸ್ ಕಂಪನಿಯ ಪುಶ್-ಪುಲ್ ಗಿಟಾರುಗಳು ಹೆಸರು ಮಾಡಿದ್ದು ಅದರಿಂದಲೇ. ಹಾಗೆಂದು ಅದೇ ಬಗೆಯ ಪಿಕಪ್ಪನ್ನು ಇಂದಿನ ಆಲ್-ಪುಲ್ ಗಿಟಾರಿಗೆ ಹಾಕಿ ಅದೇ ದನಿ ಬರಲಿ ಎಂದು ಕಾಯಬೇಡ. ಶ್ರುತಿ ಏರಿಸಿ ಇಳಿಸುವ ಅದರ ಯಂತ್ರವೇ ಬೇರೆ.

ನಿನ್ನದು ಎರಡು ನೆಕ್ಕಿನ ಗಿಟಾರಾದರೆ ಎರಡಕ್ಕೂ ಒಂದೇ ಪಿಕಪ್ ಬೇಕೆಂದೇನಿಲ್ಲ. ಇ9 ನೆಕ್ಕಿನ ಮೂರನೆಯ ತಂತಿ, ಮೇಲಿನ ಜಿ ಶಾರ್ಪ್, ಕಿವಿಗೆ ಚುಚ್ಚುತ್ತದೆಯೇ ನೋಡು. ಸಿ6 ನೆಕ್ಕಿನಲ್ಲಿ ಹತ್ತನೆಯ ದಪ್ಪ ತಂತಿ ಕಲಸಿಹೋಗದೆ ಬಿಡಿಬಿಡಿಯಾಗಿ ಕೇಳುತ್ತದೆಯೇ ನೋಡು. ಈ ಎರಡು ತಂತಿಗಳು ಒಪ್ಪಿದರೆ ಉಳಿದವು ಹಿಂದೆ ಬರುತ್ತವೆ.

ದುಡ್ಡು ಕಳಿಸುವ ಮೊದಲು ಅಳತೆ ತೆಗೆದುಕೋ. ಪಿಕಪ್ಪಿನ ಮೇಲೆ ಒಂದನೆಯ ತಂತಿಗೂ ಹತ್ತನೆಯದಕ್ಕೂ ಎಷ್ಟು ಅಂತರ, ಪಿಕಪ್ ಕೂರುವ ಗುಂಡಿಯ ಆಳ ಎಷ್ಟು, ಸ್ಕ್ರೂ ತೂತುಗಳ ನಡುವೆ ಎಷ್ಟು ದೂರ, ಎಲ್ಲ ಬರೆದುಕೋ. ಈ ಅಳತೆಗಳು ಕಂಪನಿಯಿಂದ ಕಂಪನಿಗೆ ಬೇರೆ. ತಂತಿ ಅಯಸ್ಕಾಂತದ ಕಂಬದಿಂದ ತೀರಾ ಪಕ್ಕಕ್ಕೆ ಸರಿದರೆ ಆ ಸ್ವರ ಸೊರಗುತ್ತದೆ. ಕೂರಿಸುವಾಗ ಎರಡು ಅಮೆರಿಕನ್ ಕ್ವಾರ್ಟರ್ ನಾಣ್ಯಗಳ ದಪ್ಪ, ಅಂದರೆ ಸುಮಾರು 3.5 ಮಿಲಿಮೀಟರ್, ಜಾಗ ಬಿಟ್ಟು ಶುರುಮಾಡಿ, ಆಮೇಲೆ ಕಿವಿ ಹೇಳಿದಂತೆ ಏರಿಸಿ ಇಳಿಸು. ಎಷ್ಟೋ ಸಲ ಹಳೆಯ ಪಿಕಪ್ಪಿಗೂ ಇಷ್ಟೇ ಬೇಕಾಗಿರುತ್ತದೆ.

ಪಿಕಪ್ ಪೂರ್ತಿ ಸತ್ತಿದ್ದರೂ ಹೊಸದು ಕೊಳ್ಳಲೇಬೇಕೆಂದಿಲ್ಲ. ಮೀಟರ್ ಹಚ್ಚಿದಾಗ ಓಮ್ ಏನೂ ತೋರದಿದ್ದರೆ ಸುರುಳಿ ಎಲ್ಲೋ ತುಂಡಾಗಿದೆ ಎಂದರ್ಥ. ಹಳೆಯ ಶೋ-ಬಡ್, ಎಮನ್ಸ್ ಗಿಟಾರುಗಳ ಪಿಕಪ್ಪನ್ನು ಅಷ್ಟಕ್ಕೇ ಕಿತ್ತೆಸೆಯುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಮರುಸುತ್ತುವವರು ಇದ್ದಾರೆ, ಹುಡುಕಿ ಅವರಿಗೆ ಕೊಡು.

ಹೊಸದನ್ನು ಹಾಕಿದೆಯಾದರೂ ಹಳೆಯದನ್ನು ಸುತ್ತಿ, ಯಾವ ಗಿಟಾರಿನದೆಂದು ಚೀಟಿ ಬರೆದು, ಪೆಟ್ಟಿಗೆಯಲ್ಲೇ ಇಡು. ಮುಂದೊಂದು ದಿನ ಗಿಟಾರ್ ಮಾರಲು ಹೊರಟಾಗ ಕೊಳ್ಳುವವರು ಮೂಲ ಪಿಕಪ್ ಎಲ್ಲಿ ಎಂದು ಕೇಳಿಯೇ ಕೇಳುತ್ತಾರೆ.